ಪ್ರೌಢಾವಸ್ಥೆಯ ಹಾರ್ಮೋನ್ ತೊಂದರೆಗಳ ಕ್ಲಿನಿಕಲ್ ಟ್ರಯಲ್ ಹುಡುಕೋದು ಹೇಗೆ? ಮಗುವನ್ನು ಸೇರಿಸಬಹುದಾ?

2000ರಲ್ಲಿ ಶುರುವಾದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ತಾಣದಲ್ಲಿ ಹಲವು ದೇಶಗಳ ಟ್ರಯಲ್‌ಗಳ, ಅಂದರೆ ಚಿಕಿತ್ಸೆಯನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಅಧ್ಯಯನಗಳ, ವಿವರಗಳಿವೆ. ಬೇರೆ ಬೇರೆ ದೇಶಗಳ ಟ್ರಯಲ್ ಪಟ್ಟಿಗಳನ್ನು ಒಂದೇ ಕಡೆ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ಪೋರ್ಟಲ್ ಕೂಡ ಇದೆ.

ಸುಮ್ನೆ 'ಪ್ಯೂಬರ್ಟಿ' (ಪ್ರೌಢಾವಸ್ಥೆ) ಅಂತ ಹುಡುಕಿದರೆ ಬೇಡದ್ದೇ ಜಾಸ್ತಿ ಸಿಗುತ್ತದೆ. ಡಾಕ್ಟರ್ ಬರೆದುಕೊಟ್ಟ ಕಾಯಿಲೆಯ ಹೆಸರನ್ನೇ ಹಾಕಿ. ಹುಡುಗಿಯರಲ್ಲಿ 8, ಹುಡುಗರಲ್ಲಿ 9 ವರ್ಷಕ್ಕೆ ಮೊದಲೇ ಬದಲಾವಣೆ ಶುರುವಾದರೆ ಅದು 'ಪ್ರಿಕಾಶಿಯಸ್ ಪ್ಯೂಬರ್ಟಿ'. ಪ್ರೌಢಾವಸ್ಥೆಯೂ ಬಾರದೆ, ವಾಸನೆಯೂ ತಿಳಿಯದೆ ಇದ್ದರೆ 'ಕಾಲ್ಮನ್ ಸಿಂಡ್ರೋಮ್' ಇರಬಹುದು. 'ರಿಕ್ರೂಟಿಂಗ್' (ಈಗ ಜನರನ್ನು ಸೇರಿಸಿಕೊಳ್ಳುತ್ತಿದ್ದಾರೆ) ಅಂತ ಇರುವ ಟ್ರಯಲ್‌ಗಳನ್ನು ಮಾತ್ರ ನೋಡಿ.

ಹೌದು, ಮಕ್ಕಳನ್ನೂ ಸೇರಿಸಬಹುದು. ಆದರೆ ಅರ್ಹತೆಯ ಪಟ್ಟಿಯನ್ನು ನಿಮ್ಮ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ ಡಾಕ್ಟರ್) ಜೊತೆ ಕೂತು ಓದಿ. ಮೂಳೆಯ ವಯಸ್ಸು (ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಬೆಳವಣಿಗೆ), ಪ್ರೌಢಾವಸ್ಥೆಗೆ ಸಂಬಂಧಿಸಿದ ಎಲ್‌ಎಚ್ ಹಾರ್ಮೋನ್‌ನ ಮಟ್ಟ, ಮೊದಲು ತೆಗೆದುಕೊಂಡ ಇಂಜೆಕ್ಷನ್, ಎಲ್ಲವನ್ನೂ ಕೇಳುತ್ತಾರೆ. ಟ್ರಯಲ್ ಸಿಗಲಿ ಅಂತ ಈಗಿನ ಔಷಧಿಯನ್ನು ನೀವಾಗಿ ನಿಲ್ಲಿಸಲೇಬೇಡಿ.

ಎಷ್ಟು ಸಲ ರಕ್ತ ತೆಗೆಯುತ್ತಾರೆ? ಪ್ಲಾಸಿಬೊ (ಔಷಧಿಯಂತೆ ಕಂಡರೂ ಔಷಧಿ ಇಲ್ಲದ್ದು) ಇದೆಯಾ? ಟ್ರಯಲ್ ಮುಗಿದ ಮೇಲೆ ಔಷಧಿ ಮುಂದುವರಿಯುತ್ತಾ? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿ. ತಾಣದ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಟ್ರಯಲ್ ಸುರಕ್ಷಿತ ಅಂತ ಅರ್ಥವಲ್ಲ.

ನಿಮ್ಮ ಸಹಿಯಷ್ಟೇ ಸಾಲದು, ತಿಳಿವಳಿಕೆ ಬಂದಿರುವ ಮಗುವೂ ಒಪ್ಪಬೇಕು. ಈ ವಯಸ್ಸಲ್ಲಿ ಮೈ ತೋರಿಸಿ ಪರೀಕ್ಷೆ ಮಾಡಿಸಿಕೊಳ್ಳೋದು ಎಷ್ಟು ಮುಜುಗರ ಅಲ್ವಾ? ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು ಅಂತ ಮಗುವಿಗೆ ಮೊದಲೇ ಹೇಳಿಬಿಡಿ.