ಕನ್ನಡ ಅಕ್ಷರ ದುಂಡಗಾಗಿದ್ದು ತಾಳೆಗರಿ ಸೀಳುತ್ತೆ ಅಂತಲಾ?

ನೀವು ಕೇಳಿದ್ದು ಇದು: ನೇರ ಗೆರೆ ಎಳೆದರೆ ತಾಳೆಗರಿ ಸೀಳಿಹೋಗುತ್ತಿತ್ತು, ಅದಕ್ಕೇ ಕನ್ನಡ ಅಕ್ಷರಗಳು ದುಂಡಗಾದವು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು, ನಿಜವಾ? ನಿಜವಾದರೆ ಕಾಗದ ಬಂದ ಮೇಲೂ ಯಾಕೆ ದುಂಡಗೇ ಉಳಿದವು?

ನಮ್ಮ ಮೇಷ್ಟ್ರೂ ಇದನ್ನೇ ಹೇಳಿದ್ದರು. ನಾನೂ ಬಹಳ ವರ್ಷ ನಂಬಿದ್ದೆ. ಆ ನಂಬಿಕೆ ಸಡಿಲವಾಗಿದ್ದು ನಾನೇ ಗರಿಯ ಮೇಲೆ ಬರೆಯಲು ಕೂತ ದಿನ.

ಹಳೆಯ ಲಿಪಿ ಕಲಿಸುವ ಒಂದು ತರಗತಿಗೆ ಹೋಗಿದ್ದೆ. ಅಲ್ಲಿ ಎಲ್ಲರಿಗೂ ಒಂದೊಂದು ಗರಿ, ಒಂದೊಂದು ಕಂಟ ಕೊಟ್ಟರು. ಕಂಟ ಅಂದರೆ ಚೂಪು ಮೊನೆಯ ಕಬ್ಬಿಣದ ಕಡ್ಡಿ. ಗರಿಯನ್ನು ಮೊದಲೇ ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿದ್ದರು. ಅದನ್ನು ಎಡಗೈಯಲ್ಲಿ ಹಿಡಿದು, ಕಂಟವನ್ನು ಎಡ ಹೆಬ್ಬೆರಳಿಗೆ ಆನಿಸಿಕೊಂಡು ಕೊರೆಯಬೇಕು. ಪೆನ್ನಿನ ಹಾಗೆ ಓಡಿಸಿದರೆ ಆಗಲ್ಲ, ಗರಿಯನ್ನೇ ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋಗಬೇಕು. ಬರೆಯುವಾಗ ಸರಿಯಾಗಿ ಏನೂ ಕಾಣಲ್ಲ. ಆಮೇಲೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿ ಸವರಿ ಬಟ್ಟೆಯಲ್ಲಿ ಒರೆಸಿದರೆ, ಕೊರೆದ ಜಾಗದಲ್ಲಿ ಮಾತ್ರ ಕಪ್ಪು ಉಳಿಯುತ್ತೆ. ನನ್ನ ಅಕ್ಷರ ಎಷ್ಟು ಸೊಟ್ಟ ಅಂತ ಗೊತ್ತಾಗಿದ್ದು ಆಗಲೇ.

ಗರಿಯ ನಾರು ಉದ್ದಕ್ಕೆ ಹೋಗಿರುತ್ತೆ. ಬೇಕೂಂತಲೇ ನಾರಿನ ಜೊತೆಗೇ ಒಂದು ಅಡ್ಡ ಗೆರೆ ಎಳೆದೆ. ಮೊನೆ ಸಂದಿಗೆ ಜಾರಿ ತನ್ನಷ್ಟಕ್ಕೆ ದಾರಿ ಹಿಡಿಯಿತು. ಇನ್ನೂ ಒತ್ತಿದ್ದರೆ ಸೀಳುತ್ತಿತ್ತೇನೋ. ಅಷ್ಟರಮಟ್ಟಿಗೆ ಮೇಷ್ಟ್ರ ಮಾತು ಸರಿ. ಆದರೆ ಮೇಲಿಂದ ಕೆಳಗೆ ಎಳೆದ ಗೀಟಿಗೆ ಏನೂ ಆಗಲಿಲ್ಲ. ಅಪಾಯ ಇರೋದು ಒಂದೇ ದಿಕ್ಕಿನ ಗೆರೆಗೆ ಅಂದಮೇಲೆ, ನಿಂತ ಗೀಟುಗಳು ಯಾಕೆ ಬಾಗಬೇಕಿತ್ತು?

ಪಕ್ಕದ ತಮಿಳನ್ನೇ ನೋಡಿ. ಅವರೂ ತಾಳೆಗರಿಯ ಮೇಲೆ ಕಬ್ಬಿಣದ ಕಡ್ಡಿಯಲ್ಲೇ ಕೊರೆದವರು. ಆದರೂ ತಮಿಳಿನ ‘ಪ’, ‘ಟ’ ಎರಡರಲ್ಲೂ ಕೆಳಗೆ ನೆಟ್ಟಗಿನ ಅಡ್ಡ ಗೆರೆ ಇದೆ. ನಮ್ಮಲ್ಲೇ ಸಂಸ್ಕೃತ ಬರೆಯಲು ನಂದಿನಾಗರಿ ಬಳಸುತ್ತಿದ್ದರು. ಅದರ ಅಕ್ಷರಗಳಿಗೆ ದೇವನಾಗರಿಯಂತೆ ತಲೆಯ ಮೇಲೆ ಅಡ್ಡ ಗೆರೆ ಉಂಟು. ಆ ಲಿಪಿಯ ಗರಿಗಳು ಕಟ್ಟುಗಟ್ಟಲೆ ಉಳಿದಿವೆ, ಸೀಳಿಹೋಗಿಲ್ಲ.

ಹಾಗಾದ್ರೆ ದುಂಡು ಎಲ್ಲಿಂದ ಬಂತು? ‘ರ’ ತಗೊಳ್ಳಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಕ್ರಿ.ಪೂ. 3ನೇ ಶತಮಾನದ್ದು. ಅದು ಬ್ರಾಹ್ಮಿ ಲಿಪಿಯಲ್ಲಿದೆ, ಕನ್ನಡ ಲಿಪಿ ಹುಟ್ಟಿದ್ದೂ ಅದರಿಂದಲೇ. ಅದರಲ್ಲಿ ‘ರ’ ಅಂದರೆ ಬರೀ ನಿಂತ ಗೀಟು. ‘ಕ’ ಅಂದರೆ ಕೂಡುವ ಲೆಕ್ಕದ ಚಿಹ್ನೆ. ಮುಂದಿನ ಶತಮಾನಗಳಲ್ಲಿ ದಕ್ಷಿಣದ ಬರಹಗಾರರ ಕೈಯಲ್ಲಿ ಆ ಗೀಟಿನ ಬುಡ ಎಡಕ್ಕೆ ಕೊಕ್ಕೆಯಂತೆ ತಿರುಗಿತು. ಕೊಕ್ಕೆ ಬೆಳೆದು ಮೇಲೇರಿ ಜೋಡಿ ಗೀಟಾಯಿತು. ಕೊನೆಗೆ ಎರಡರ ನಡುವೆ ಹೊಟ್ಟೆ ಬಂದು ಈಗಿನ ‘ರ’ ಆಯಿತು. ತುದಿಯಲ್ಲಿದ್ದ ಸಣ್ಣ ಗುರುತು ಬೆಳೆದು ತಲೆಕಟ್ಟಾಯಿತು. ‘ಗ’ ಇನ್ನೂ ಸುಲಭ. ಬ್ರಾಹ್ಮಿಯಲ್ಲಿ ಅದು ಮನೆಯ ಮಾಡಿನ ಹಾಗೆ ಎರಡು ಓರೆ ಗೆರೆ. ಮಾಡಿನ ನೆತ್ತಿ ದುಂಡಗೆ ಮಾಡಿ ತಲೆಕಟ್ಟು ಹಾಕಿ, ಈಗಲೂ ಅದೇ ‘ಗ’. ‘ಠ’ ಕಥೆಯಂತೂ ಉಲ್ಟಾ. ಅಶೋಕನ ಕಾಲದಲ್ಲೇ ಅದು ಪೂರ್ತಿ ವೃತ್ತ. ಹುಟ್ಟಿದ್ದೇ ದುಂಡಗೆ!

ಶಾಸನ ಕಲ್ಲಿನದ್ದಲ್ವಾ, ಅದಕ್ಕೂ ಗರಿಗೂ ಏನು ಸಂಬಂಧ ಅಂತ ಕೇಳಬಹುದು. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು ಬೇರೆ, ‘ಕಂಡರಿಸಿದ’ವನ ಹೆಸರು ಬೇರೆ ಇರುತ್ತೆ. ಒಬ್ಬ ಬರೆದುಕೊಡುತ್ತಿದ್ದ, ಇನ್ನೊಬ್ಬ ಕಡೆಯುತ್ತಿದ್ದ. ಹಾಗಾಗಿ ಕಲ್ಲಿನ ಮೇಲೆ ನಮಗೆ ಕಾಣುವುದೂ ಬರಹಗಾರನ ಕೈಯೇ. ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ ಅದು: ಬೇಗ ಬರೆಯುವ ಕೈ ಮೂಲೆಗಳನ್ನು ಸವೆಸುತ್ತೆ. ಗರಿ ಅದಕ್ಕೆ ಒಂದಿಷ್ಟು ಒತ್ತಾಸೆ ಕೊಟ್ಟಿರಬಹುದು. ಜಾಸ್ತಿ ಏನಲ್ಲ.

ಕಡತವೂ ಇದನ್ನೇ ಹೇಳುತ್ತೆ. ಈಗ ಕಡತ ಅಂದರೆ ಕಚೇರಿಯ ಫೈಲು, ಸುಮ್ನೆ ಟೇಬಲ್ಲಿಂದ ಟೇಬಲ್ಲಿಗೆ ಓಡಾಡುವ ವಸ್ತು. ಹಿಂದೆ ಅದು ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳಿವೆ. ಬಟ್ಟೆಗೆ ಸೀಳುವ ಭಯವಿಲ್ಲ. ಆದರೂ ಕಡತದ ಕನ್ನಡ ಓಲೆಯ ಕನ್ನಡಕ್ಕಿಂತ ಚೌಕವಾಗಲಿಲ್ಲ.

ಕಾಗದ ಬಂದ ಮೇಲೂ ಯಾಕೆ ಬದಲಾಗಲಿಲ್ಲ ಅನ್ನೋದಕ್ಕೆ ಉತ್ತರ ಸಣ್ಣದು. ಅಷ್ಟು ಹೊತ್ತಿಗೆ ಓದುವವರ ಕಣ್ಣು ಪಳಗಿತ್ತು. ಅಚ್ಚು ಬಂದು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಅಚ್ಚಾಯಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಬಂದಿದ್ದು ಕಲ್ಲಚ್ಚಿನಲ್ಲಿ. ಅಂದರೆ ಅಲ್ಲಿ ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸಿದ್ದೂ ಅಲ್ಲ, ಯಾರೋ ಕೈಯಲ್ಲಿ ಬರೆದದ್ದೇ ನೇರ ಓದುಗನಿಗೆ ತಲುಪಿತು.

ನನ್ನ ಮಾತು ನಂಬಬೇಕಾಗಿಲ್ಲ. ಒಂದು ಕಾಗದ ತಗೊಳ್ಳಿ. ಮೇಲಿಂದ ಕೆಳಗೆ ಗೀಟು ಎಳೆದು, ಪೆನ್ನು ಎತ್ತದೆ ಎಡಕ್ಕೆ ತಿರುಗಿಸಿ ಮತ್ತೆ ಮೇಲಕ್ಕೆ ತನ್ನಿ. ಹೀಗೇ ಬೇಗ ಬೇಗ 20 ಸಲ ಬರೆಯಿರಿ. ಹತ್ತು ದಾಟುವಷ್ಟರಲ್ಲಿ ಹೊಟ್ಟೆ ಬಂದಿರುತ್ತೆ.