ಬಸ್ಸಿನ ವಹಿ, ಗ್ಯಾಸಿನ ರೆಗ್ಯುಲೇಟರ್

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ.)

ರಘುವಿಗೆ 31 ವರ್ಷ. ಮಲೆನಾಡಿನ ಒಂದು ಅಡಿಕೆ ಮಂಡಿಯಲ್ಲಿ ಎಂಟು ವರ್ಷ ಲೆಕ್ಕ ಬರೆದವರು. ಆಪ್ತಸಮಾಲೋಚನೆಗೆ ನನ್ನ ಬಳಿಗೆ ಬಂದಾಗ ಕೆಲಸಕ್ಕೆ ಹೋಗದೆ ನಾಲ್ಕು ತಿಂಗಳಾಗಿತ್ತು. ತಾಯಿ ಕುರ್ಚಿಯ ಅಂಚಿನಲ್ಲಿ ಕುಳಿತು ಒಂದೇ ಉಸಿರಿಗೆ ಹೇಳಿದರು: ರಾತ್ರಿ ಹತ್ತು ಹನ್ನೊಂದು ಸಲ ಎದ್ದು ಗ್ಯಾಸ್ ರೆಗ್ಯುಲೇಟರ್ ಮುಟ್ಟಿ ನೋಡುತ್ತಾನೆ, ಊಟ ಸೇರುವುದಿಲ್ಲ, ಯಾರೊಂದಿಗೂ ಮಾತಿಲ್ಲ, ಹೊತ್ತುಗೊತ್ತಿಲ್ಲದೆ ಬಸ್ಸಿನ ವೇಳೆ ಬರೆಯುತ್ತಿದ್ದ. "ಅದನ್ನು ಈಗ ಬಿಡಿಸಿದ್ದೇವೆ ಮೇಡಂ. ಮೊದಲು ತೋರಿಸಿದ ಕಡೆ ಎಲ್ಲವೂ ಗೀಳೇ ಎಂದರು. ವಹಿಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ."

ರಘು ನೆಲ ನೋಡುತ್ತಿದ್ದರು. "ಜೂನ್ 9, ಸೋಮವಾರ" ಎಂದಷ್ಟೇ ಹೇಳಿದರು.

ಮೊದಲೆರಡು ಭೇಟಿಗಳಲ್ಲಿ ನಾನು ತಪ್ಪು ದಾರಿ ಹಿಡಿದೆ. "ಆಗ ಮನಸ್ಸಿಗೆ ಹೇಗನ್ನಿಸಿತು?" ಎಂದು ಕೇಳುತ್ತಲೇ ಹೋದೆ, ಅವರು "ಗೊತ್ತಿಲ್ಲ" ಎನ್ನುತ್ತಲೇ ಹೋದರು. ಬಚ್ಚಿಡುತ್ತಿದ್ದಾರೆ ಎಂದುಕೊಂಡೆ. ಅವರು ನಿಜವನ್ನೇ ಹೇಳುತ್ತಿದ್ದರು. ಒಳಗೆ ಸಂಕಟವಿದ್ದರೂ ಅದಕ್ಕೆ ಹೆಸರು ಸಿಗುವುದಿಲ್ಲ. ಇದು ಆಟಿಸಂ (ಇತರರೊಂದಿಗೆ ಬೆರೆಯುವ, ಸುತ್ತಲನ್ನು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಇರುವ ಅನೇಕರಲ್ಲಿ ಕಾಣುವ ಸಂಗತಿ.

ತಾಯಿಯಿಂದ ಬಾಲ್ಯದ ವಿವರ ಕೇಳಿದಾಗ ಚಿತ್ರ ಸ್ಪಷ್ಟವಾಗತೊಡಗಿತು. ಮಾತು ತಡವಾಗಿರಲಿಲ್ಲ. ನಾಲ್ಕನೇ ವಯಸ್ಸಿಗೇ ಬಸ್ಸಿನ ಬೋರ್ಡು ಓದುತ್ತಿದ್ದ ಮಗು, ಮದುವೆಮನೆಯ ಓಲಗದ ಸದ್ದಿಗೆ ಕಿವಿ ಮುಚ್ಚಿಕೊಂಡು ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತುಬಿಡುತ್ತಿತ್ತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಬರೆದು ಕಳಿಸಿದೆ. ಅವರ ನಿರ್ಣಯ: ಆಟಿಸಂ ಸ್ಪೆಕ್ಟ್ರಂ (ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ ಕಾಣುವ ಆಟಿಸಂಗೆ ಒಟ್ಟು ಹೆಸರು), ಜೊತೆಗೆ ಗೀಳು ರೋಗ (ಒಸಿಡಿ), ಜೊತೆಗೆ ಖಿನ್ನತೆ.

ರಘು ಇದನ್ನು ಮೊಬೈಲಿನಲ್ಲಿ ಓದಿಕೊಂಡೇ ಬಂದರು. "ನನ್ನ ಲಕ್ಷಣಗಳೆಲ್ಲ ಆಸ್ಪರ್ಜರ್ ಎಂಬುದಕ್ಕೆ ಹೊಂದುತ್ತವೆ. ಆದರೆ ಆ ಹೆಸರನ್ನು 2013ರಲ್ಲಿ ತೆಗೆದುಹಾಕಿದ್ದಾರೆ. ಹಾಗಾದರೆ ನನಗೆ ಏನಿದೆ?" ಹೆಸರು ಹೋಗಿದೆ, ಸ್ವಭಾವ ಹೋಗಿಲ್ಲ ಎಂದೆ. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಜರ್ 1944ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. 1981ರಲ್ಲಿ ಬ್ರಿಟನ್ನಿನ ಲೋರ್ನಾ ವಿಂಗ್ ಅವರ ಲೇಖನದಿಂದ ಆ ಹೆಸರು ಬಳಕೆಗೆ ಬಂತು. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯೂ ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೂ ಅದನ್ನು ಆಟಿಸಂ ಸ್ಪೆಕ್ಟ್ರಂ ಒಳಗೆ ಸೇರಿಸಿದವು. ಅವರು ಎಲ್ಲವನ್ನೂ ಇಸವಿ ಸಮೇತ ಬರೆದುಕೊಂಡರು.

ಮೂರನೇ ಭೇಟಿಗೆ ಒಂದು ವಹಿ ತರಿಸಿದೆ. ಮಂಡಿಯಲ್ಲಿ ಬಳಸುವ ಉದ್ದನೆಯ ವಹಿ. ಸಾದಾ ಬಸ್ಸಿಗೆ ನೀಲಿ, ಎಕ್ಸ್‌ಪ್ರೆಸ್ಸಿಗೆ ಕೆಂಪು. ಸಾಗರ, ತಾಳಗುಪ್ಪ, ಹೊನ್ನಾವರ, ಒಂದೊಂದು ಊರಿಗೆ ಒಂದೊಂದು ಪುಟ. ಒಂದು ಅಕ್ಷರವೂ ಗೆರೆ ದಾಟಿರಲಿಲ್ಲ. ಹಾಳೆ ತಿರುವುತ್ತಿದ್ದಂತೆ, ಅದುವರೆಗೆ ಮೊಣಕಾಲು ತಟ್ಟುತ್ತಲೇ ಇದ್ದ ಎಡಗೈ ನಿಂತಿತು. ನಾನು ಎರಡೇ ಪ್ರಶ್ನೆ ಕೇಳಿದೆ. ಇದನ್ನು ಬರೆದು ಮುಗಿಸಿದ ಮೇಲೆ ಏನಾಗುತ್ತದೆ? "ಮುಗಿಯುತ್ತದೆ. ಚೆನ್ನಾಗಿರುತ್ತದೆ." ರೆಗ್ಯುಲೇಟರ್ ಮುಟ್ಟಿದ ಮೇಲೆ? "ಮುಗಿಯುವುದಿಲ್ಲ. ಅಮ್ಮ ಸುಟ್ಟುಹೋಗುತ್ತಾಳೆ ಎಂದು ಬರುತ್ತದೆ. ಮತ್ತೆ ಮುಟ್ಟಬೇಕು."

ಹೊರಗಿನಿಂದ ನೋಡಿದರೆ ಎರಡೂ ಮಾಡಿದ್ದನ್ನೇ ಮಾಡುವ ಹುಚ್ಚು. ಒಳಗೆ ಅಜಗಜಾಂತರ. ವಹಿ ಅವರು ಉಸಿರಾಡುವ ಜಾಗ. ರೆಗ್ಯುಲೇಟರ್ ಅವರ ಕುತ್ತಿಗೆ ಹಿಡಿದ ರೋಗ. ರೋಗಕ್ಕೆ ಮದ್ದು ಕೊಡುವ ಭರದಲ್ಲಿ ಮನೆಯವರು ಉಸಿರಾಡುವ ಜಾಗವನ್ನೇ ಮುಚ್ಚಿದ್ದರು. ಖಿನ್ನತೆ ಅದಕ್ಕೂ ಮೊದಲೇ ಶುರುವಾಗಿತ್ತು: ಮಂಡಿಯ ಹಿಂದಿನ ಕೋಣೆಯಲ್ಲಿದ್ದ ರಘುವನ್ನು, ಬೆಳೆಗಾರರು ಬಂದು ದರ ಕೇಳುವ ಮುಂದಿನ ಮೇಜಿಗೆ ಕೂರಿಸಿದ್ದರು. ಇಡೀ ದಿನ ನಗುಮುಖ ಹೊತ್ತು, ಬೇರೆಯವರಂತೆ ಮಾತಾಡಿ, ಮನೆಗೆ ಬಂದು ಕತ್ತಲಲ್ಲಿ ಮಲಗುತ್ತಿದ್ದರು. ಬಳಲಿಕೆ ಎಂಬ ಮಾತು ಅದಕ್ಕೆ ಸಾಲದು.

ಈ ವೃತ್ತಿಯಲ್ಲಿರುವವರಿಗಾಗಿ ಒಂದು ಮಾತನ್ನು ಒತ್ತಿ ಬರೆಯುತ್ತೇನೆ. ಮೊದಲ ದಿನವೇ "ಸಾಯಬೇಕು ಎನ್ನಿಸುತ್ತದೆಯೇ?" ಎಂದು ಕೇಳಿದ್ದೆ. "ಇಲ್ಲ" ಎಂದಿದ್ದರು. ಮೂರನೇ ಭೇಟಿಯಲ್ಲಿ "ಸಾಯುವ ಬಗ್ಗೆ ಯೋಚಿಸಿದ್ದೀರಾ?" ಎಂದೆ. "ಹೌದು, ದಿನಾ." ಮೊದಲು ಯಾಕೆ ಹೇಳಲಿಲ್ಲ? "ಅನ್ನಿಸುತ್ತದೆಯೇ ಎಂದು ಕೇಳಿದಿರಿ. ಅನ್ನಿಸುವುದಿಲ್ಲ, ಯೋಚಿಸುತ್ತೇನೆ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಟಿಸಂ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಇತರರಿಗಿಂತ ಹೆಚ್ಚು. ಪ್ರಶ್ನೆಯನ್ನು ನೇರವಾಗಿ, ಬೇರೆ ಬೇರೆ ಮಾತುಗಳಲ್ಲಿ ಕೇಳಲೇಬೇಕು.

ಅಂದೇ ಮನೋವೈದ್ಯರಿಗೆ ತಿಳಿಸಿದೆ. ಮಾತ್ರೆಗಳು ತಾಯಿಯ ಕೈಯಲ್ಲಿರಲಿ, ಮಗನನ್ನು ಸದ್ಯಕ್ಕೆ ಒಬ್ಬನೇ ಬಿಡಬೇಡಿ ಎಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ವಹಿಯ ಮೊದಲ ಪುಟದಲ್ಲಿ ಬರೆಸಿದೆ. ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಫೋನಿನಲ್ಲಿ ಏನು ಹೇಳಬೇಕೋ ತೋಚುವುದಿಲ್ಲ ಎಂದರು. ಹೇಳಬೇಕಾದ ವಾಕ್ಯವನ್ನೂ ಇಬ್ಬರೂ ಸೇರಿ ಅದರ ಕೆಳಗೆ ಬರೆದೆವು: "ನನಗೆ ಆಟಿಸಂ ಇದೆ. ಸಾಯುವ ಯೋಚನೆ ಬರುತ್ತಿದೆ. ನಿಧಾನವಾಗಿ, ಒಂದೊಂದೇ ಪ್ರಶ್ನೆ ಕೇಳಿ."

ಗೀಳಿಗೂ ಖಿನ್ನತೆಗೂ ವೈದ್ಯರು ಒಂದೇ ಗುಂಪಿನ ಮಾತ್ರೆ ಕೊಟ್ಟರು. ಆಟಿಸಂ ಇರುವ ಕೆಲವರಿಗೆ ಈ ಮಾತ್ರೆಯಿಂದ ಚಡಪಡಿಕೆ ಹೆಚ್ಚುವುದರಿಂದ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಏರಿಸಿದರು. ನನ್ನ ಪಾಲಿನ ಕೆಲಸ, ರೆಗ್ಯುಲೇಟರನ್ನು ಒಂದೇ ಸಲ ಮುಟ್ಟಿ ಸುಮ್ಮನೆ ಕುಳಿತು ಭಯವನ್ನು ತಡೆದುಕೊಳ್ಳುವುದನ್ನು ಕಲಿಸುವುದು. ಭಯವನ್ನು ಮಾತಿನಲ್ಲಿ ಹೇಳಿ ಎಂದರೆ ಆಗುವುದಿಲ್ಲ, ಅಂಕಿಯಲ್ಲಿ ಆಗುತ್ತದೆ. ನೂರಕ್ಕೆ ಎಷ್ಟು ಎಂದು ಹತ್ತು ನಿಮಿಷಕ್ಕೊಮ್ಮೆ ಬರೆಯಲು ಹೇಳಿದೆ. ಮೊದಲ ರಾತ್ರಿಯ ಸಾಲು: 95, 95, 90, 80, 70, 45. "ತಾನಾಗಿಯೇ ಇಳಿಯಿತು" ಎಂದು ಅದನ್ನು ತೋರಿಸಿದಾಗ ಅವರ ದನಿಯಲ್ಲಿ ಮೊದಲ ಬಾರಿಗೆ ಅಚ್ಚರಿ ಕೇಳಿಸಿತು.

ತಾಯಿಗೆ ಹೇಳಿದ್ದು: "ಗ್ಯಾಸ್ ಆರಿಸಿದೆಯಾ ಅಮ್ಮ" ಎಂದು ಮತ್ತೆ ಮತ್ತೆ ಕೇಳಿದರೆ ಒಮ್ಮೆ ಮಾತ್ರ ಉತ್ತರ ಕೊಡಿ. ಸಮಾಧಾನ ಮಾಡಿದಷ್ಟೂ ಗೀಳಿಗೆ ಅನ್ನ ಹಾಕಿದಂತೆ. ಮಿಕ್ಸರ್ ಹಾಕುವ ಮೊದಲು ತಿಳಿಸಿ. ಕಣ್ಣಿಗೆ ಕಣ್ಣಿಟ್ಟು ಮಾತಾಡು ಎಂದು ಒತ್ತಾಯಿಸಬೇಡಿ. ವಹಿಗಳನ್ನು ಅಟ್ಟದಿಂದ ಇವತ್ತೇ ಇಳಿಸಿ.

ರಘು ಒಪ್ಪಿದ ಮೇಲೆ ಮಂಡಿಯ ಯಜಮಾನರೊಂದಿಗೆ ಮಾತಾಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ ಎಂಬುದನ್ನು ಹೇಳಿದೆ. ಅದರ ಅಗತ್ಯವೇ ಬರಲಿಲ್ಲ. "ಅವನ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದ್ದಿಲ್ಲ, ಹಿಂದಿನ ಕೋಣೆಯಲ್ಲೇ ಕೂರಲಿ" ಎಂದರು. ಕೆಲಸವನ್ನು ಚೀಟಿಯಲ್ಲಿ ಬರೆದುಕೊಡಲೂ ಒಪ್ಪಿದರು.

ಈಗ ಐದು ತಿಂಗಳಾಗಿದೆ. ರೆಗ್ಯುಲೇಟರ್ ರಾತ್ರಿಗೆ ಎರಡು ಸಲಕ್ಕೆ ಬಂದಿದೆ. ಸಾಯುವ ಯೋಚನೆ ವಾರಕ್ಕೊಮ್ಮೆ ಬರುತ್ತದೆ, ಬಂದ ದಿನ ಹೇಳುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದ ದಿನಗಳು ಇನ್ನೂ ಇವೆ. ಮಾತ್ರೆ ಎಷ್ಟು ದಿನ ಎಂದು ತಾಯಿ ಪ್ರತಿ ಸಲ ಕೇಳುತ್ತಾರೆ. ಗೀಳು ತಗ್ಗಿದ ಮೇಲೂ ಕನಿಷ್ಠ ಒಂದು ವರ್ಷ, ವೈದ್ಯರು ಹೇಳುವವರೆಗೆ ನಿಲ್ಲಿಸುವಂತಿಲ್ಲ. ಏಳು ವಹಿಗಳಲ್ಲಿ ಎರಡು ಗುಜರಿಗೆ ಹೋಗಿಬಿಟ್ಟಿದ್ದವಂತೆ. ಅವನ್ನು ರಘು ನೆನಪಿನಿಂದಲೇ ಮತ್ತೆ ಬರೆಯುತ್ತಿದ್ದಾರೆ.