ಮೊದಲು ಲಿಪಿಕಾರ, ಆಮೇಲೆ ಕವಿ

(ಶಿರಸಿ ಕಡೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ: ‘ನನ್ನ ಕಥೆ ನಿಮ್ಮ ದೀಪಾವಳಿ ವಿಶೇಷಾಂಕದಲ್ಲಿ ಬಂದಾಗ ಎಷ್ಟೋ ಜನ ಮೆಚ್ಚಿ ಬರೆದರು. ಆಮೇಲೆ ಎರಡು ವರ್ಷದಿಂದ ಏನೂ ಬರೆಯಲಾಗಿಲ್ಲ. ರಾತ್ರಿ ಕೂರುತ್ತೇನೆ, ಮೊದಲ ವಾಕ್ಯ ಬರೆಯುತ್ತೇನೆ, ಅಳಿಸುತ್ತೇನೆ. ಪದವಿಟ್ಟಳುಪದ, ಎಂದರೆ ಇಟ್ಟ ಪದವನ್ನು ಅಳಿಸದ, ಕುಮಾರವ್ಯಾಸನನ್ನು ಮಕ್ಕಳಿಗೆ ಪಾಠ ಮಾಡುವ ನನಗೆ ಒಂದು ವಾಕ್ಯವನ್ನು ಉಳಿಸಿಕೊಳ್ಳಲು ಆಗುತ್ತಿಲ್ಲ. ನನ್ನಲ್ಲಿ ಇದ್ದದ್ದು ಅಷ್ಟೇ ಏನೋ.’)

ಆತ್ಮೀಯರೇ,

ಎರಡು ಸಾಲಿನ ಧೈರ್ಯದ ಮಾತು ಬರೆದು ಮುಗಿಸಬಹುದಿತ್ತು. ಆದರೆ ಆ ಕಥೆಯನ್ನು ಮೆಚ್ಚಿ ಅಚ್ಚಿಗೆ ಕಳುಹಿಸಿದವನು ನಾನು. ಅಷ್ಟಕ್ಕೆ ಬಿಡಲು ಮನಸ್ಸು ಒಪ್ಪಲಿಲ್ಲ.

ಕುಮಾರವ್ಯಾಸನ ಹೆಸರನ್ನು ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಹಿಡಿಯುತ್ತೇನೆ. ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ’ ಎಂಬ ಪದ್ಯವನ್ನು ನಾವು ಮಹಾಕವಿಯ ಆತ್ಮವಿಶ್ವಾಸದ ಮಾತೆಂದು ಓದುತ್ತೇವೆ. ಪದ್ಯದ ಕೊನೆಗೆ ಹೋಗಿ ನೋಡಿ. ಈ ಬಲುಹೆಲ್ಲ ಗದುಗಿನ ವೀರನಾರಾಯಣನ ಕಿಂಕರನದು ಎನ್ನುತ್ತಾನೆ. ಇನ್ನೊಂದು ಕಡೆ ವೀರನಾರಾಯಣನೇ ಕವಿ, ತಾನು ಲಿಪಿಕಾರ ಎಂದುಬಿಡುತ್ತಾನೆ. ಇದನ್ನು ಬರಿಯ ಭಕ್ತಿಯ ವಿನಯವೆಂದು ನಾನು ಓದಲಾರೆ. ಹತ್ತು ಪರ್ವಗಳ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ ಹೇಳಿ ಮುಗಿಸಬೇಕಾದ ಮನುಷ್ಯ ಕೆಲಸವನ್ನು ಹೀಗೆ ಹಂಚಿದ್ದಾನೆ: ಕಾವ್ಯ ಹೇಗಿದೆ ಎಂಬ ಚಿಂತೆ ದೇವರದು, ಬರೆದುಕೊಳ್ಳುವುದು ತನ್ನದು. ಲಿಪಿಕಾರನಿಗೆ ಅಳಿಸುವ ಪ್ರಶ್ನೆಯೇ ಬರುವುದಿಲ್ಲ.

ನಿಮಗೆ ಆಗಿರುವುದು ಇದರ ತಿರುವುಮುರುವು. ಆ ಕಥೆ ಬರೆಯುವಾಗ ನಿಮ್ಮಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಈಗ ಮೆಚ್ಚಿದ ಓದುಗರು, ಶಾಲೆಯ ಸಹೋದ್ಯೋಗಿಗಳು, ನಾನೂ ಸೇರಿ ನಿಮ್ಮ ಮೇಜಿನ ಸುತ್ತ ನಿಂತಿದ್ದೇವೆ. ಒಂದು ವಾಕ್ಯ ಬರೆಯುವಷ್ಟರಲ್ಲಿ ಅದನ್ನು ಹಳೆಯ ಕಥೆಯ ಪಕ್ಕದಲ್ಲಿಟ್ಟು ನೋಡುತ್ತೀರಿ. ತಿದ್ದಿ ಮುಗಿದು ಅಚ್ಚಾದ ಕಥೆಯ ಎದುರು ಇನ್ನೂ ಹುಟ್ಟದ ಕಥೆಯ ಒಂದು ವಾಕ್ಯ! ಯಾರ ವಾಕ್ಯ ತಾನೇ ಅಲ್ಲಿ ಗೆದ್ದೀತು?

ಆ ಕಥೆಯ ಹಸ್ತಪ್ರತಿಯನ್ನೂ ಸ್ವಲ್ಪ ನೆನಪಿಸಿಕೊಳ್ಳಿ. ಮೊದಲ ಪುಟವನ್ನು ಪೂರ್ತಿ ತೆಗೆದು, ಅಡಿಕೆ ಸುಲಿಯುವ ರಾತ್ರಿಯಿಂದ ಆರಂಭಿಸೋಣವೇ ಎಂದು ಕೇಳಿದ್ದೆ, ನೀವು ಒಪ್ಪಿದ್ದಿರಿ. ಓದುಗರು ಅಷ್ಟು ಮೆಚ್ಚಿದ ಆರಂಭ ನಿಮ್ಮ ಎರಡನೇ ಪುಟದ ನಡುವಿನದು. ನಮಗೆ ಬರುವ ಕಥೆಗಳಲ್ಲಿ ಇದು ಅಪರೂಪವಲ್ಲ. ಊರು, ಮಳೆ, ಮನೆತನ ಎಲ್ಲವನ್ನೂ ಪರಿಚಯಿಸುವ ಮೊದಲ ಪುಟ ಬರೆಯುವವರಿಗೆ ಬೇಕಿರುತ್ತದೆ, ಕಥೆಗೆ ಬೇಕಿರುವುದಿಲ್ಲ. ಎರಡು ವರ್ಷದಿಂದ ನೀವು ಅಳಿಸುತ್ತಿರುವುದು ಬಹುಶಃ ಹೇಗೂ ಬಿದ್ದುಹೋಗಲಿದ್ದ ವಾಕ್ಯವನ್ನು. ಅದನ್ನು ಕೆಟ್ಟದಾಗಿಯೇ ಬರೆದು ಮುಂದಕ್ಕೆ ಹೋಗಿ.

ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರರಾಗಿದ್ದರು. ಬೆಳಿಗ್ಗೆ ಐದೂವರೆಗೆ ಕುಳಿತು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆಯುತ್ತಿದ್ದರು. ಹಾಗೆ 47 ಕಾದಂಬರಿ ಬರೆದರು. ಅವರು ತೀರಿಕೊಂಡ ಮರುವರ್ಷ, 1883ರಲ್ಲಿ, ಆತ್ಮಕಥೆ ಹೊರಬಂದು ಈ ಲೆಕ್ಕ ತಿಳಿದಾಗ ಹಲವರು ಮೂಗು ಮುರಿದರು. ನನಗೆ ಅದರಲ್ಲಿ ದೊಡ್ಡ ವಿವೇಕ ಕಾಣುತ್ತದೆ. ಗಡಿಯಾರ ಓಡುತ್ತಿರುವಾಗ ತೀರ್ಪು ಕೊಡಲು ಪುರುಸೊತ್ತು ಇರುವುದಿಲ್ಲ. ನೀವು ಪದ ಎಣಿಸುವುದು ಬೇಡ. ಶಾಲೆಗೆ ಹೊರಡುವ ಮುಂಚೆ ಕಾಲು ಗಂಟೆ, ಪೆನ್ನಿನಲ್ಲಿ. ಕಥೆಯನ್ನೇ ಬರೆಯಬೇಕೆಂದೂ ಇಲ್ಲ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ನಿಮ್ಮ ಅತ್ತೆಯವರು ಯಾರನ್ನೂ ಬಿಡುತ್ತಿರಲಿಲ್ಲವೆಂದು ಪತ್ರದಲ್ಲಿ ಒಂದು ಮಾತು ಬಂದಿದೆ. ಏಕೆ ಬಿಡುತ್ತಿರಲಿಲ್ಲ? ಚೊಗರು, ಅದೇ ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಎಷ್ಟು ಎಂಬುದನ್ನು ಅವರು ಹೇಗೆ ನಿರ್ಧರಿಸುತ್ತಿದ್ದರು? ಅಡಿಕೆ ಬೆಂದದ್ದು ಅವರಿಗೆ ಯಾವುದರಿಂದ ತಿಳಿಯುತ್ತಿತ್ತು? ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳಿ, ಲಿಪಿಕಾರರಾಗಿ.

ಇನ್ನು ‘ಇದ್ದದ್ದು ಅಷ್ಟೇ’ ಎಂಬ ಮಾತು. ಕೆ.ಎಸ್. ನರಸಿಂಹಸ್ವಾಮಿಯವರು ‘ಮೈಸೂರ ಮಲ್ಲಿಗೆ’ಯಂಥ ಮೊದಲ ಸಂಕಲನದ ಮೆಚ್ಚುಗೆಯನ್ನು ಹೊತ್ತು ನಡೆದವರು. 1960ರ ‘ಮನೆಯಿಂದ ಮನೆಗೆ’ ಆದ ಮೇಲೆ ಅವರ ಮುಂದಿನ ಸಂಕಲನ ‘ತೆರೆದ ಬಾಗಿಲು’ ಬಂದದ್ದು 1976ರಲ್ಲಿ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹದಿನಾರು ವರ್ಷದ ಮುಂದೆ ನಿಮ್ಮ ಎರಡು ವರ್ಷ ಎಷ್ಟರದು? ಆದರೆ ಎಲ್ಲ ಮೌನವೂ ಹೀಗೆ ಮುಗಿಯುತ್ತದೆಂದು ನಿಮಗೆ ಸುಳ್ಳು ಹೇಳಲಾರೆ. ಅಮೆರಿಕದ ‘ನ್ಯೂಯಾರ್ಕರ್’ ಪತ್ರಿಕೆಯ ಬರಹಗಾರ ಜೋಸೆಫ್ ಮಿಚೆಲ್ 1964ರ ನಂತರವೂ, 1996ರಲ್ಲಿ ತೀರಿಕೊಳ್ಳುವವರೆಗೆ, ಕಚೇರಿಗೆ ಬರುತ್ತಲೇ ಇದ್ದರು. ದೊಡ್ಡ ಲೇಖನ ಒಂದನ್ನೂ ಅಚ್ಚಿಗೆ ಕೊಡಲಿಲ್ಲ. ಕಾಯುತ್ತಿರಿ, ತಾನಾಗಿ ಬರುತ್ತದೆ ಎಂದು ನಾನು ನಿಮಗೆ ಹೇಳದಿರುವುದು ಅದಕ್ಕೇ.

ಪತ್ರದ ಕೊನೆಯಲ್ಲಿ ನಿದ್ದೆ ಬರುತ್ತಿಲ್ಲ, ತರಗತಿಯಲ್ಲೂ ಉತ್ಸಾಹವಿಲ್ಲ ಎಂದಿದ್ದೀರಿ. ಅದು ಬರವಣಿಗೆಗಷ್ಟೇ ಸೇರಿದ ವಿಷಯ ಅಲ್ಲದಿರಬಹುದು. ದಯವಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದನ್ನು ಮುಂದೂಡಬೇಡಿ.

ಈ ಸಲದ ವಿಶೇಷಾಂಕಕ್ಕೆ ನಿಮ್ಮಿಂದ ಕಥೆ ಕೇಳುವುದಿಲ್ಲ. ಹಂಡೆಯ ಬಗ್ಗೆ ಬರೆದ ಪುಟಗಳನ್ನು ತಿದ್ದದೆ, ನಕಲು ಮಾಡದೆ ನನ್ನ ಹೆಸರಿಗೆ ಅಂಚೆಗೆ ಹಾಕಿ. ಎಲ್ಲಿ ಕತ್ತರಿಸಬೇಕೆಂಬುದನ್ನು ನಾನು ನೋಡಿಕೊಳ್ಳುತ್ತೇನೆ.

– ಸಂಪಾದಕ